ಹಡಗು ಮಸ್ಕತ್‌ನಲ್ಲಿ ಒಂದೇ ಹಗಲು ನಿಲ್ಲುತ್ತದೆ, ಯಾವುದನ್ನು ಮೊದಲು ನೋಡಬೇಕು?

ಕಡಲಹಾದಿ:
ನಮ್ಮ ಕ್ರೂಸ್ ಹಡಗು ಗುರುವಾರ ಬೆಳಿಗ್ಗೆ 8ಕ್ಕೆ ಸುಲ್ತಾನ್ ಕಾಬೂಸ್ ಬಂದರಿಗೆ ಬರುತ್ತದೆ. ಸಂಜೆ 5ರೊಳಗೆ ಎಲ್ಲರೂ ವಾಪಸ್ ಹಡಗಿನಲ್ಲಿರಬೇಕು. ದೊಡ್ಡ ಮಸೀದಿ, ಮುತ್ರಾ ಸೂಕ್ (ಹಳೇ ಪೇಟೆ), ಹಳೇ ಮಸ್ಕತ್ ಮೂರೂ ಆಗುತ್ತವೆಯೇ? ಜೊತೆಗೆ ಅಮ್ಮ ಇರುತ್ತಾರೆ, ಮಂಡಿನೋವು, ಮೆಟ್ಟಿಲು ಹತ್ತಲಾರರು. ಹಡಗಿನವರ ಟೂರ್ ತಗೊಳ್ಳಬೇಕೇ ಅಥವಾ ಟ್ಯಾಕ್ಸಿ ಸಾಕೇ?

ದೀಪಸ್ತಂಭ:
ಮೂರೂ ಆಗುತ್ತವೆ, ಸರದಿ ಮಾತ್ರ ತಪ್ಪಬಾರದು. ದೊಡ್ಡ ಮಸೀದಿಗೆ, ಅಂದರೆ ಸುಲ್ತಾನ್ ಕಾಬೂಸ್ ಮಸೀದಿಗೆ, ಮುಸ್ಲಿಮೇತರರನ್ನು ಬಿಡುವುದು ಬೆಳಿಗ್ಗೆ 8ರಿಂದ 11ರವರೆಗೆ, ಶುಕ್ರವಾರ ಪ್ರವೇಶವೇ ಇಲ್ಲ. ಸೂಕ್‌ನ ಬಹುತೇಕ ಅಂಗಡಿಗಳು ಮಧ್ಯಾಹ್ನ 1ರ ಹೊತ್ತಿಗೆ ಬಾಗಿಲು ಎಳೆದುಬಿಡುತ್ತವೆ, ಮತ್ತೆ ತೆಗೆಯುವುದು 4ಕ್ಕೆ. ಹೆಚ್ಚಿನವರು ಎಡವುವುದು ಇಲ್ಲೇ: ಸೂಕ್ ಬಂದರಿನ ಪಕ್ಕದಲ್ಲೇ ಇದೆಯಲ್ಲ, ಕೊನೆಗೆ ನೋಡಿದರಾಯಿತು ಎಂದುಕೊಳ್ಳುತ್ತಾರೆ. ಬಂದು ನೋಡಿದರೆ ಸಾಲಾಗಿ ಮುಚ್ಚಿದ ಬಾಗಿಲುಗಳು.

ಆದ್ದರಿಂದ ಇಳಿದ ತಕ್ಷಣ ಮಸೀದಿ. ಬಂದರಿನೊಳಗೆ ನಡೆಯಲು ಬಿಡುವುದಿಲ್ಲ, ಗೇಟಿನವರೆಗೆ ಶಟಲ್ ಬಸ್ ಇರುತ್ತದೆ. ಅಲ್ಲಿಂದ ಮಸೀದಿ ಪಶ್ಚಿಮಕ್ಕೆ 20 ಕಿ.ಮೀ.ಗೂ ಹೆಚ್ಚು, ಕಾರಿನಲ್ಲಿ ಅರ್ಧ ಗಂಟೆ ಹಿಡಿಯಿರಿ. 10.45ಕ್ಕೆ ಅಲ್ಲಿಂದ ಹೊರಟರೆ 11.30ರೊಳಗೆ ಸೂಕ್. ಊಟ ಮುಗಿಸಿ ಪೂರ್ವಕ್ಕೆ ಹಳೇ ಮಸ್ಕತ್, ಅದು ಮೂರ್ನಾಲ್ಕು ಕಿ.ಮೀ. ಅಷ್ಟೆ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಒಳ್ಳೆಯ ಜಾಗ, ತಂಪಾಗಿರುತ್ತದೆ. ಅದರ ಎದುರಿಗೇ ಅಲ್ ಆಲಂ ಅರಮನೆ. ಒಳಗೆ ಬಿಡುವುದಿಲ್ಲ, ಅಂಗಳದಿಂದಲೇ ನೋಡಬೇಕು. ಅರಮನೆಯ ಹಿಂದೆ ಕೊಲ್ಲಿಯ ಎರಡೂ ಬದಿಗೆ ಜಲಾಲಿ, ಮಿರಾನಿ ಕೋಟೆಗಳು. ಪೋರ್ಚುಗೀಸರು 1580ರ ದಶಕದಲ್ಲಿ ಕಟ್ಟಿದ್ದು. ಕೊಲ್ಲಿಯ ಬಂಡೆಗಳನ್ನು ಗಮನಿಸಿ, ಹಿಂದೆ ಬಂದುಹೋದ ಹಡಗುಗಳ ನಾವಿಕರು ತಮ್ಮ ಹಡಗಿನ ಹೆಸರನ್ನು ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಇದ್ದ ಊರಿದು, ಮಂಗಳೂರಿನ ಅಕ್ಕಿ ಇಳಿಯುತ್ತಿದ್ದದ್ದೂ ಇಲ್ಲೇ. ನಮ್ಮವರು ಅವಸರದಲ್ಲಿ ದಾಟಿಹೋಗಬಾರದ ಜಾಗ.

ಮುತ್ರಾ ಕೋಟೆ ಬಿಟ್ಟುಬಿಡಿ, ಪೂರಾ ಮೆಟ್ಟಿಲು.

ಮಲ್ಲಿಗೆದಂಡೆ:
ಮಸೀದಿಯ ಉಡುಪಿನ ಬಗ್ಗೆ ಒಂದು ಮಾತು. ಅಮ್ಮ ಸೀರೆ ಉಟ್ಟರೆ ಬಾಗಿಲಲ್ಲೇ ತಡೆಯುತ್ತಾರೆ, ಸೊಂಟ ಮತ್ತು ತೋಳು ಕಾಣುತ್ತದೆ. ಮಣಿಕಟ್ಟಿನವರೆಗೆ ತೋಳಿರುವ ಸಡಿಲ ಚೂಡಿದಾರ ಹಾಕಿಸಿ, ತಲೆಗೆ ಹತ್ತಿಯ ದುಪಟ್ಟಾ. ಶಿಫಾನ್ ಬೇಡ, ಜಾರುತ್ತದೆ, ಕೂದಲೂ ಕಾಣುತ್ತದೆ. ಕಿವಿಯ ಹಿಂದೆ ಎರಡು ಪಿನ್ ಹಾಕಿದರೆ ಕೈ ಖಾಲಿ ಇರುತ್ತದೆ. ಲೆಗ್ಗಿಂಗ್ಸ್ ನಡೆಯುವುದಿಲ್ಲ. ಮರೆತು ಹೋದರೆ ಅಲ್ಲೇ ಅಬಾಯಾ (ಮೈತುಂಬ ಮುಚ್ಚುವ ನಿಲುವಂಗಿ) ಬಾಡಿಗೆಗೆ ಸಿಗುತ್ತದೆ, ಆದರೆ ಹಡಗು ಬಂದ ದಿನ ಸರತಿ ಉದ್ದ. ಗಂಡಸರಿಗೆ ಪೂರ್ತಿ ಪ್ಯಾಂಟ್.

ಅಂಗಳ ತುಂಬಾ ದೊಡ್ಡದು, ಅಮ್ಮನಿಗೆ ನಡಿಗೆ ಜಾಸ್ತಿಯೇ ಆಗುತ್ತದೆ. ಪಾದರಕ್ಷೆ ಬಿಚ್ಚಬೇಕು, ಬಗ್ಗದೆ ತೆಗೆಯುವಂಥದ್ದು ಹಾಕಿಸಿ. ಮುಖ್ಯ ಪ್ರಾರ್ಥನಾ ಮಂದಿರದಲ್ಲಿ ಹಾಸಿರುವುದು 21 ಟನ್ ತೂಕದ ಇರಾನಿ ಕಂಬಳಿ. ಅದರ ಮೇಲೆ ಕಾಲಿಡುವಂತಿಲ್ಲ, ನೀಲಿ ಹಾಸು ಹಾಕಿದ ದಾರಿಯಲ್ಲೇ ನಡೆಯಬೇಕು.

ಸರಂಗ:
ಮೇಲಿನ ಸರದಿಯೇ ಸರಿ. ಟ್ಯಾಕ್ಸಿ ಸಾಕು, ಹತ್ತುವ ಮೊದಲು ಮೂರು ಮಾತು ಇತ್ಯರ್ಥವಾಗಲಿ: ಹೇಳಿದ ದರ ರಿಯಾಲೋ ಡಾಲರೋ, ತಲೆಗೋ ಕಾರಿಗೋ, ಮಸೀದಿಯಲ್ಲಿ ಕಾಯುವುದೂ ಸೇರಿದೆಯೋ. 1 ರಿಯಾಲ್ ಅಂದರೆ 2.6 ಡಾಲರ್, "ಇಪ್ಪತ್ತು" ಅಂದಾಗ ಯಾವ ಇಪ್ಪತ್ತು ಎಂದು ಕೇಳಲೇಬೇಕು. ಹಣ ಕೊಡುವುದು ಕೊನೆಯಲ್ಲಿ. ಹಡಗಿನವರ ಟೂರ್‌ನ ನಿಜವಾದ ಲಾಭ ಒಂದೇ, ಅವರ ಬಸ್ ತಡವಾದರೆ ಹಡಗು ಕಾಯುತ್ತದೆ. ನಿಮಗಾಗಿ ಕಾಯುವುದಿಲ್ಲ, 4ಕ್ಕೇ ಗೇಟಿಗೆ ಬಂದುಬಿಡಿ. ಒಮಾನ್ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಹಡಗಿನ ಸಮಯ ಯಾವುದೆಂದು ಇಳಿಯುವಾಗಲೇ ನೋಡಿಕೊಳ್ಳಿ.

ಸೂಕ್‌ನಲ್ಲಿ ತರಬೇಕಾದ್ದು ಲುಬಾನ್. ನಮ್ಮ ಸಾಂಬ್ರಾಣಿಯಲ್ಲ, ದಕ್ಷಿಣ ಒಮಾನಿನ ಧೋಫಾರ್‌ನ ಮರದ ಅಂಟು. ಹೋಜರಿ ಎಂಬ ದರ್ಜೆ ಮೇಲು: ತಿಳಿ ಹಸಿರು ಛಾಯೆ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕ. ಕಂದು ಬಣ್ಣ, ತೊಗಟೆ ಚೂರು, ತಳದಲ್ಲಿ ಪುಡಿ ಇದ್ದರೆ ಕೆಳದರ್ಜೆ. ಕಟ್ಟಿಟ್ಟ ಡಬ್ಬಿ ಬೇಡ, ಚೀಲದಿಂದ ತೂಗಿಸಿ. ಶಾಲುಗಳಿಗೆ ದುಡ್ಡು ಸುರಿಯಬೇಡಿ, ಬಹಳಷ್ಟು ಭಾರತದಿಂದಲೇ ಬಂದವು. ಖಂಜರ್ (ಬಾಗಿದ ಒಮಾನಿ ಬಾಕು) ಕೊಂಡರೆ ಹಡಗಿನ ತಪಾಸಣೆಯಲ್ಲಿ ಇಟ್ಟುಕೊಂಡು ಪ್ರಯಾಣದ ಕೊನೆಗೆ ಕೊಡುತ್ತಾರೆ, ರಸೀದಿ ಪಡೆಯಿರಿ. ಲುಬಾನ್‌ಗೆ ಆ ತೊಂದರೆ ಇಲ್ಲ, ಕ್ಯಾಬಿನ್‌ನಲ್ಲಿ ಹಚ್ಚಬೇಡಿ ಅಷ್ಟೆ.