ಅರ್ಜಿ ಮುಂದೆ ಹೋಗುತ್ತಿಲ್ಲ, ಸೆನೆಟರ್ ಆಫೀಸಿಗೆ ಬರೆಯಬಹುದಾ?

ಸುಮಾ_ಸಿಯಾಟಲ್:
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ನನಗಿನ್ನೂ ಗ್ರೀನ್ ಕಾರ್ಡೇ, ಓಟಿಲ್ಲ. ಒಂದು ಫೆಡರಲ್ (ಕೇಂದ್ರ ಸರ್ಕಾರದ) ಇಲಾಖೆಯಲ್ಲಿ ನನ್ನ ಅರ್ಜಿ ಅವರೇ ಕೊಟ್ಟ ಗಡುವು ದಾಟಿ ಸುಮ್ನೆ ಕೂತಿದೆ. ಯಾವಾಗ ಫೋನ್ ಮಾಡಿದರೂ "ಪರಿಶೀಲನೆಯಲ್ಲಿದೆ" ಅಂತ ಒಂದೇ ಉತ್ತರ. ಸೆನೆಟರ್‌ಗೆ, ಅಂದರೆ ಇಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿರುವ ನಮ್ಮ ರಾಜ್ಯದ ಪ್ರತಿನಿಧಿಗೆ, ಬರೆ ಅಂತ ಗೆಳತಿ ಹೇಳಿದಳು. ಊರಲ್ಲಿ ಎಂಎಲ್‌ಎ ಹತ್ತಿರ ಶಿಫಾರಸು ಪತ್ರ ತರುತ್ತಾರಲ್ಲ, ಇದೂ ಹಾಗೇನಾ? ಆಫೀಸರ್‌ಗೆ ಸಿಟ್ಟು ಬಂದರೆ? ಅಷ್ಟಕ್ಕೂ ಬಜೆಟ್ ನೋಡಿಕೊಳ್ಳುವವರಿಗೆ ನನ್ನೊಬ್ಬಳ ಫೈಲ್ ಯಾಕೆ ಬೇಕು?

ರಘು_ಟಕೋಮಾ:
ಧೈರ್ಯವಾಗಿ ಬರೆಯಿರಿ ಸುಮಾ ಅವರೇ. ಇದು ಶಿಫಾರಸಲ್ಲ. ಜನರ ಪರವಾಗಿ ಇಲಾಖೆಯನ್ನು ವಿಚಾರಿಸುವ ಈ ಕೆಲಸಕ್ಕೆ ಕೇಸ್‌ವರ್ಕ್ ಅಂತಾರೆ, ಇದಕ್ಕೆ ಅಂತಲೇ ಸೆನೆಟರ್‌ಗಳು ಸಿಬ್ಬಂದಿ ಇಟ್ಟಿರುತ್ತಾರೆ. ಓಟು ಬೇಕಿಲ್ಲ, ಆ ರಾಜ್ಯದಲ್ಲಿ ವಾಸವಿದ್ದರೆ ಸಾಕು. ಅವರ ವೆಬ್‌ಸೈಟಿನಲ್ಲಿ ಪ್ರೈವಸಿ ರಿಲೀಸ್ ಫಾರಂ (ನಿಮ್ಮ ಮಾಹಿತಿ ಕೊಡಲು ಒಪ್ಪಿಗೆ ಪತ್ರ) ಸಿಗುತ್ತದೆ. 1974ರ ಪ್ರೈವಸಿ ಆಕ್ಟ್ ಇರುವುದರಿಂದ ನಿಮ್ಮ ಸಹಿ ಇಲ್ಲದೆ ಇಲಾಖೆಯವರು ನಿಮ್ಮ ಫೈಲಿನ ಬಗ್ಗೆ ಬಾಯಿ ಬಿಡುವುದಿಲ್ಲ. ಜೊತೆಗೆ ಅರ್ಧ ಪುಟ ಬರೆದರೆ ಸಾಕು: ರಸೀದಿ ನಂಬರ್, ಅರ್ಜಿ ಹಾಕಿದ ದಿನ, ಯಾವ ದಿನ ಫೋನ್ ಮಾಡಿದಿರಿ, ಏನು ಹೇಳಿದರು. ಇಬ್ಬರು ಸೆನೆಟರ್‌ಗಳಿಗೂ ಹೌಸ್ (ಕೆಳಮನೆ) ಸದಸ್ಯರಿಗೂ ಒಟ್ಟಿಗೆ ಕಳಿಸಬೇಡಿ, ಗೊಂದಲ ಜಾಸ್ತಿ.

ಅರ್ಜಿ ಮಂಜೂರು ಮಾಡಿ ಅಂತ ಅವರು ಅಪ್ಪಣೆ ಕೊಡುವಂತಿಲ್ಲ. ಎಲ್ಲಿ ನಿಂತಿದೆ, ಯಾಕೆ ತಡ ಅಂತ ಕೇಳಬಹುದು. ಹೀಗೆ ಬರುವ ಪತ್ರಗಳಿಗೆ ಉತ್ತರಿಸಲು ಇಲಾಖೆಗಳಲ್ಲೇ ಪ್ರತ್ಯೇಕ ವಿಭಾಗ ಇರುತ್ತದೆ, ಸಿಟ್ಟಿನ ಮಾತೇ ಇಲ್ಲ.

ವೀಣಾ_ಎಚ್:
ಕೊನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕಂದರೆ ಬಜೆಟ್ ಬೇರೆ, ನಮ್ಮ ಫೈಲ್ ಬೇರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲಾಖೆಗಳ ದುಡ್ಡು ಪ್ರತಿ ವರ್ಷ ಸೆನೆಟ್, ಹೌಸ್ ಎರಡೂ ಪಾಸು ಮಾಡುವ 12 ಬಿಲ್‌ಗಳಲ್ಲಿ ಹಂಚಿಕೆಯಾಗಬೇಕು, ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರು. ಒಪ್ಪಂದವಾಗದೆ 2025ರಲ್ಲಿ 43 ದಿನ ಸರ್ಕಾರದ ಎಷ್ಟೋ ಕೆಲಸ ನಿಂತಿತ್ತು, ನೆನಪಿದೆಯಲ್ವಾ? ದೊಡ್ಡ ಇಲಾಖೆಗಳ ಮುಖ್ಯಸ್ಥರನ್ನು ಅಧ್ಯಕ್ಷರು ಹೆಸರಿಸಿದರೂ ಸೆನೆಟ್ ಒಪ್ಪಬೇಕು, ಹೌಸ್‌ಗೆ ಆ ಅಧಿಕಾರ ಇಲ್ಲ. ಆಮೇಲೂ ಅವರನ್ನು ಸಮಿತಿ ಮುಂದೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು? ಒಂದೇ ಆಫೀಸಿನ ಬಗ್ಗೆ ಒಂದೇ ಥರದ ದೂರು ರಾಶಿ ಬಿದ್ದಾಗ ಎಲ್ಲಿ ಕೆಟ್ಟಿದೆ ಅಂತ ಮೊದಲು ಗೊತ್ತಾಗುವುದು ಈ ಕೇಸ್‌ವರ್ಕ್ ಮಾಡುವವರಿಗೇ. ನೀವು ಬರೆಯದೆ ಸುಮ್ಮನಿದ್ದರೆ ನಿಮ್ಮ ಕಷ್ಟ ಆ ಲೆಕ್ಕಕ್ಕೇ ಬರುವುದಿಲ್ಲ. ಓಟಿಲ್ಲದವರಂತೂ ಬರೆಯಲೇಬೇಕು ಅಂತೀನಿ ನಾನು.

ಕಿರಣ್_ಪಿ:
ವೀಣಾ ಮೇಡಂ ಹೇಳಿದ್ದು ಸರಿ, ಆದರೆ ದುಡ್ಡಿನ ಹಿಡಿತ ಎಲ್ಲ ಕಡೆ ಒಂದೇ ಥರ ಇರಲ್ಲ. ವಲಸೆ ಅರ್ಜಿ ನೋಡುವ ಇಲಾಖೆ ಬಹುಪಾಲು ನಾವು ಕಟ್ಟುವ ಫೀಸಿನಲ್ಲೇ ನಡೆಯುತ್ತದೆ. ಅಲ್ಲಿ ಬಜೆಟ್ ಬೆದರಿಕೆಗಿಂತ ಸಮಿತಿ ವಿಚಾರಣೆಯ ಪ್ರಶ್ನೆಗೇ ತೂಕ ಜಾಸ್ತಿ.

ಸುಮಾ_ಸಿಯಾಟಲ್:
ತುಂಬಾ ಥ್ಯಾಂಕ್ಸ್. ಫಾರಂ ಇವತ್ತೇ ತುಂಬುತ್ತೇನೆ. ರಾಜಧಾನಿ ವಾಷಿಂಗ್ಟನ್ ಡಿಸಿಗೆ ಕಳಿಸಬೇಕಾ?

ರಘು_ಟಕೋಮಾ:
ಬೇಡ, ಸಿಯಾಟಲ್‌ನಲ್ಲೇ ಸೆನೆಟರ್ ಆಫೀಸಿದೆ. ಅಲ್ಲಿಗೇ ಕಳಿಸಿ, ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಒರಿಜಿನಲ್ ಯಾವುದನ್ನೂ ಕೊಡಬೇಡಿ, ಕಾಪಿ ಸಾಕು.