ಗಟ್ಟಿ ವಸ್ತುವಿನಲ್ಲಿ ಶಬ್ದಕ್ಕೆ ವೇಗ ಹೆಚ್ಚು, ಬೆಳಕಿಗೆ ಕಡಿಮೆ: ಈ ವೈರುಧ್ಯ ಏಕೆ?

ಕುತೂಹಲಿ ಕೇಳಿದ್ದು:

ಶಬ್ದದ ವೇಗವು 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ನೀರಿನಲ್ಲಿ ಸುಮಾರು 1,480 ಮೀಟರ್, ಉಕ್ಕಿನ ಸರಳಿನಲ್ಲಿ ಸುಮಾರು 5,000 ಮೀಟರ್. ಬೆಳಕಿನ ವಿಷಯದಲ್ಲಿ ಇದು ತಲೆಕೆಳಗಾಗಿದೆ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಇರುವ ಅದರ ವೇಗ ನೀರಿನಲ್ಲಿ 2.25 ಲಕ್ಷಕ್ಕೆ, ಸಾಮಾನ್ಯ ಗಾಜಿನಲ್ಲಿ 2 ಲಕ್ಷಕ್ಕೆ ಇಳಿಯುತ್ತದೆ. ಮಾಧ್ಯಮ ಸಾಂದ್ರವಾದಷ್ಟೂ ಶಬ್ದಕ್ಕೆ ಅನುಕೂಲ, ಬೆಳಕಿಗೆ ಅಡ್ಡಿ ಎಂದು ನಾನು ಕಲಿತಿದ್ದೇನೆ. ಎರಡೂ ತರಂಗಗಳೇ ಆಗಿರುವಾಗ ಒಂದೇ ಕಾರಣಕ್ಕೆ ಎರಡು ವಿರುದ್ಧ ಪರಿಣಾಮಗಳು ಹೇಗೆ ಸಾಧ್ಯ ಎಂಬುದನ್ನು ಯಾರಾದರೂ ವಿವರಿಸಬಹುದೇ?

ತರಂಗಾಭ್ಯಾಸಿ ಉತ್ತರಿಸಿದ್ದು:

ನೀವು ಕಲಿತ ಆ ವಾಕ್ಯದ ಎರಡು ಭಾಗಗಳೂ ಸರಿಯಿಲ್ಲ, ಗೊಂದಲ ಹುಟ್ಟಿರುವುದು ಅಲ್ಲಿಯೇ. ಮೊದಲು ಶಬ್ದವನ್ನು ನೋಡೋಣ. ಯಾಂತ್ರಿಕ ತರಂಗ ಮುಂದೆ ಸಾಗಬೇಕಾದರೆ ಮಾಧ್ಯಮದ ಒಂದು ಪದರ ಪಕ್ಕದ ಪದರವನ್ನು ತಳ್ಳಬೇಕು, ಜರುಗಿದ ಪದರ ತನ್ನ ಜಾಗಕ್ಕೆ ಮರಳಬೇಕು. ಮರಳಿಸುವ ಬಲ ಹೆಚ್ಚಿದ್ದಷ್ಟೂ ಈ ಕೆಲಸ ಬೇಗ ಆಗುತ್ತದೆ, ಜರುಗಬೇಕಾದ ರಾಶಿ ಹೆಚ್ಚಿದ್ದಷ್ಟೂ ತಡವಾಗುತ್ತದೆ. ಆದ್ದರಿಂದಲೇ ಸ್ಥಿತಿಸ್ಥಾಪಕತೆಯ ಗುಣಾಂಕವನ್ನು, ಅಂದರೆ ಮಾಧ್ಯಮ ಎಷ್ಟು ಬಿಗಿ ಎಂಬುದರ ಅಳತೆಯನ್ನು, ಸಾಂದ್ರತೆಯಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆದರೆ ಶಬ್ದದ ವೇಗ ಸಿಗುತ್ತದೆ. ಸಾಂದ್ರತೆ ಇಲ್ಲಿ ಛೇದದಲ್ಲಿದೆ, ಅಂದರೆ ಅದು ಶಬ್ದವನ್ನು ನಿಧಾನಗೊಳಿಸುವ ಅಂಶವೇ ಹೊರತು ವೇಗಗೊಳಿಸುವ ಅಂಶವಲ್ಲ.

ಹಾಗಾದರೆ ನೀರಿನಲ್ಲಿ ವೇಗ ಹೆಚ್ಚುವುದೇಕೆ? ನೀರು ಗಾಳಿಗಿಂತ ಸುಮಾರು 830 ಪಟ್ಟು ಸಾಂದ್ರವಾದದ್ದು ನಿಜ, ಆದರೆ ಅದನ್ನು ಒತ್ತಿ ಕುಗ್ಗಿಸುವುದು ಗಾಳಿಯನ್ನು ಕುಗ್ಗಿಸುವುದಕ್ಕಿಂತ 15,000 ಪಟ್ಟಿಗೂ ಹೆಚ್ಚು ಕಷ್ಟ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 4.3 ಬರುತ್ತದೆ, 343ನ್ನು ಅದರಿಂದ ಗುಣಿಸಿ ನೋಡಿ, ನೀವೇ ಕೊಟ್ಟ ನೀರಿನ ಅಂಕಿಯ ಹತ್ತಿರಕ್ಕೆ ಬರುತ್ತೀರಿ. ಸಾಂದ್ರತೆಯೇ ಕಾರಣವಾಗಿದ್ದರೆ ಉಕ್ಕಿಗಿಂತ ಭಾರವಾದ ಸೀಸದಲ್ಲಿ ಶಬ್ದ ಇನ್ನೂ ವೇಗವಾಗಿ ಓಡಬೇಕಿತ್ತು. ಆದರೆ ಸೀಸದ ಸರಳಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,200 ಮೀಟರ್ ಮಾತ್ರ, ಏಕೆಂದರೆ ಸೀಸ ಭಾರವಾಗಿದ್ದರೂ ಮೆದುವಾದ ಲೋಹ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಉಕ್ಕಿನ ಸುಮಾರು ಮೂರರಲ್ಲೊಂದು ಭಾಗ, ಅದರ ಬಿಗಿತವೂ ಅಷ್ಟೇ ಕಡಿಮೆ, ಹಾಗಾಗಿ ಎರಡರಲ್ಲಿಯೂ ಶಬ್ದದ ವೇಗ ಹೆಚ್ಚುಕಡಿಮೆ ಒಂದೇ. ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಹೀಲಿಯಮ್: ಅದು ಗಾಳಿಗಿಂತ ಏಳು ಪಟ್ಟು ಹಗುರ, ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,000 ಮೀಟರ್.

ಬೆಳಕಿನ ಬಗ್ಗೆ ಹೇಳುವುದಾದರೆ, ಟರ್ಪೆಂಟೈನ್ ಎಣ್ಣೆ ನೀರಿಗಿಂತ ಹಗುರ, ಆದರೂ ಅದರ ವಕ್ರೀಭವನ ಸೂಚ್ಯಂಕ (ನಿರ್ವಾತದಲ್ಲಿ ಬೆಳಕಿನ ವೇಗ ಆ ಮಾಧ್ಯಮದಲ್ಲಿನ ವೇಗದ ಎಷ್ಟು ಪಟ್ಟು ಎಂಬ ಸಂಖ್ಯೆ) 1.47, ನೀರಿನದು 1.33. ಅಂದರೆ ಬೆಳಕು ಹಗುರವಾದ ಎಣ್ಣೆಯಲ್ಲಿಯೇ ಹೆಚ್ಚು ನಿಧಾನ. ಬೆಳಕಿನ ಪಾಠದಲ್ಲಿ ಬರುವ ‘ಸಾಂದ್ರ ಮಾಧ್ಯಮ’ಕ್ಕೂ ತೂಕಕ್ಕೂ ನೇರ ಸಂಬಂಧವಿಲ್ಲ.

ಕಿರಣರೇಖೆ ಉತ್ತರಿಸಿದ್ದು:

ಬೆಳಕು ನಿಧಾನವಾಗುವ ಕಾರಣವನ್ನು ಸೇರಿಸುತ್ತೇನೆ. ಬೆಳಕು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ತರಂಗ, ಅದಕ್ಕೆ ತಳ್ಳಲು ಕಣಗಳು ಬೇಡ, ಆದ್ದರಿಂದ ಮಾಧ್ಯಮ ಅದಕ್ಕೆ ವಾಹನವಲ್ಲ. ಗಾಜಿನೊಳಗೆ ಹೋದಾಗ ಪರಮಾಣುಗಳು ಬೆಳಕನ್ನು ಹೀರಿಕೊಂಡು ಸ್ವಲ್ಪ ಹೊತ್ತಿನ ನಂತರ ಬಿಡುತ್ತವೆ, ಈ ತಡೆತಗಳೆಲ್ಲ ಕೂಡಿ ಒಟ್ಟು ವೇಗ ಕಡಿಮೆಯಾಗುತ್ತದೆ.

ತರಂಗಾಭ್ಯಾಸಿ ಉತ್ತರಿಸಿದ್ದು:

ಮೊದಲ ಭಾಗವನ್ನು ಒಪ್ಪುತ್ತೇನೆ, ಆದರೆ ‘ಹೀರಿಕೊಂಡು ಬಿಡುವ’ ವಿವರಣೆ ಎಷ್ಟೇ ಪ್ರಚಲಿತವಾಗಿದ್ದರೂ ಅದನ್ನು ಕೈಬಿಡಬೇಕೆಂಬುದು ನನ್ನ ಆಗ್ರಹ. ಪರಮಾಣು ಬೆಳಕನ್ನು ನಿಜವಾಗಿ ಹೀರಿಕೊಂಡರೆ ಮರಳಿ ಬಿಡುವಾಗ ಯಾವ ದಿಕ್ಕಿಗಾದರೂ ಬಿಡಬಹುದು, ಆಗ ಗಾಜಿನ ಮೂಲಕ ಆಚೆಯ ದೃಶ್ಯ ಸ್ಪಷ್ಟವಾಗಿ ಕಾಣಲು ಸಾಧ್ಯವೇ ಇಲ್ಲ. ನಡೆಯುವುದು ಬೇರೆ. ಒಳಬಂದ ತರಂಗದ ವಿದ್ಯುತ್ ಕ್ಷೇತ್ರವು ಪರಮಾಣುಗಳ ಎಲೆಕ್ಟ್ರಾನುಗಳನ್ನು ತನ್ನದೇ ಆವೃತ್ತಿಯಲ್ಲಿ ಅಲುಗಾಡಿಸುತ್ತದೆ. ಅಲುಗುವ ಎಲೆಕ್ಟ್ರಾನುಗಳು ಅದೇ ಆವೃತ್ತಿಯ ಕಿರು ತರಂಗಗಳನ್ನು ಹೊರಡಿಸುತ್ತವೆ. ಮೂಲ ತರಂಗವೂ ಈ ಅಸಂಖ್ಯ ಕಿರು ತರಂಗಗಳೂ ಕೂಡಿದಾಗ ದೊರೆಯುವ ಒಟ್ಟು ತರಂಗದ ಶೃಂಗಗಳು ತುಸು ಹಿಂದೆ ಬೀಳುತ್ತವೆ. ಪದರದಿಂದ ಪದರಕ್ಕೆ ಹೀಗೆ ಹಿಂದೆ ಬೀಳುತ್ತ ಹೋಗುವುದನ್ನೇ ನಾವು ‘ವೇಗ ಕಡಿಮೆಯಾಯಿತು’ ಎನ್ನುತ್ತೇವೆ. ಎಲೆಕ್ಟ್ರಾನುಗಳ ಪ್ರತಿಕ್ರಿಯೆ ಆವೃತ್ತಿಯನ್ನು ಅವಲಂಬಿಸಿರುವುದರಿಂದಲೇ ಗಾಜಿನಲ್ಲಿ ನೇರಳೆ ಬಣ್ಣ ಕೆಂಪಿಗಿಂತ ನಿಧಾನವಾಗಿ ಸಾಗುತ್ತದೆ, ಪಟ್ಟಕ ಬಣ್ಣಗಳನ್ನು ಬಿಡಿಸಿ ತೋರಿಸುತ್ತದೆ.

ಬೆಳಕು ನೀರಿನಲ್ಲಿ ವೇಗವಾಗಿ ಸಾಗುತ್ತದೆಯೋ ನಿಧಾನವಾಗಿಯೋ ಎಂಬುದು ಒಂದು ಕಾಲಕ್ಕೆ ದೊಡ್ಡ ವಿವಾದವಾಗಿತ್ತು. ಬೆಳಕು ಕಣಗಳ ಪ್ರವಾಹವೆಂದ ನ್ಯೂಟನ್ನನ ವಾದದಂತೆ ನೀರಿನಲ್ಲಿ ವೇಗ ಹೆಚ್ಚಬೇಕಿತ್ತು, ತರಂಗವಾದದಂತೆ ಕಡಿಮೆಯಾಗಬೇಕಿತ್ತು. 1850ರಲ್ಲಿ ಫ್ರಾನ್ಸಿನ ಲಿಯೋನ್ ಫೂಕೋ ತಿರುಗುವ ಕನ್ನಡಿಯ ಪ್ರಯೋಗದಿಂದ ಅದು ಕಡಿಮೆ ಎಂದು ತೋರಿಸಿದನು.

ಕುತೂಹಲಿ ಕೇಳಿದ್ದು:

ಬಹಳ ಉಪಕಾರವಾಯಿತು. ಉಳಿದದ್ದು ಒಂದೇ ಸಂದೇಹ: ಗಾಜಿನಿಂದ ಹೊರಬಂದ ಬೆಳಕು ಮತ್ತೆ ಮೊದಲಿನ ವೇಗವನ್ನು ಪಡೆಯುತ್ತದೆಯಲ್ಲ, ಅದಕ್ಕೆ ಬೇಕಾದ ಶಕ್ತಿಯನ್ನು ಯಾರು ಕೊಡುತ್ತಾರೆ?

ತರಂಗಾಭ್ಯಾಸಿ ಉತ್ತರಿಸಿದ್ದು:

ಯಾರೂ ಕೊಡಬೇಕಾಗಿಲ್ಲ. ಎಸೆದ ಕಲ್ಲಿನ ವೇಗ ಕಲ್ಲಿಗೆ ಸೇರಿದ್ದು, ತರಂಗದ ವೇಗ ಹಾಗಲ್ಲ. ಅದು ಆಯಾ ಸ್ಥಳದ ಪರಿಸ್ಥಿತಿಯಿಂದ ಅಲ್ಲಲ್ಲಿಯೇ ನಿರ್ಧಾರವಾಗುತ್ತದೆ. ಗಾಜು ಮುಗಿದ ಕಡೆ ಅಡ್ಡ ಬರುವ ಕಿರು ತರಂಗಗಳೂ ಮುಗಿಯುತ್ತವೆ. ಎಲ್ಲೆಯನ್ನು ದಾಟುವಾಗ ಬದಲಾಗದೆ ಉಳಿಯುವುದು ಆವೃತ್ತಿ, ಏಕೆಂದರೆ ಸೆಕೆಂಡಿಗೆ ಎಷ್ಟು ಶೃಂಗಗಳು ಎಲ್ಲೆಗೆ ಬರುತ್ತವೆಯೋ ಅಷ್ಟೇ ಆಚೆಗೆ ಹೋಗಬೇಕು. ವೇಗದೊಂದಿಗೆ ಬದಲಾಗುವುದು ತರಂಗಾಂತರ: ನಿರ್ವಾತದಲ್ಲಿ 600 ನ್ಯಾನೋಮೀಟರ್ ಇದ್ದದ್ದು ಗಾಜಿನೊಳಗೆ 400 ಆಗಿ, ಹೊರಬಂದಾಗ ಮತ್ತೆ 600 ಆಗುತ್ತದೆ. ಶಬ್ದಕ್ಕೂ ಇದೇ ನಿಯಮ. 1,000 ಹರ್ಟ್ಸ್‌ನ ಶಬ್ದದ ತರಂಗಾಂತರ ನೀರಿನಲ್ಲಿ ಸುಮಾರು ಒಂದೂವರೆ ಮೀಟರ್ ಇದ್ದು, ಗಾಳಿಗೆ ಬಂದೊಡನೆ ಸುಮಾರು 34 ಸೆಂಟಿಮೀಟರಿಗೆ ಕುಗ್ಗುತ್ತದೆ.