ಹ್ಯಾವ್‌ಲಾಕ್‌ಗೆ ನೈಟ್ರಾಕ್ಸ್ ಬೇಕಾ, ಸಾದಾ ಗಾಳಿ ಸಾಕಾ? ಗೊತ್ತಿರೋರು ಹೇಳಿ

ಪ್ರಶ್ನೆ
ಬೆಂಗಳೂರಿನವನು, ವಯಸ್ಸು 47. ಇಲ್ಲಿತನಕ ಸ್ಕೂಬಾ ಡೈವ್ ಮಾಡಿದ್ದೆಲ್ಲ ನೇತ್ರಾಣಿಯಲ್ಲಿ. ಅಡ್ವಾನ್ಸ್ಡ್ ಡೈವರ್ ಕಾರ್ಡ್ ಇದೆ. ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೊರಟಿದ್ದೇವೆ, ನಾಲ್ಕು ದಿನ, ದಿನಕ್ಕೆ ಮೂರು ಡೈವ್. ಟ್ಯಾಂಕ್ ಬೇಗ ಖಾಲಿ ಮಾಡೋನು ನಾನು. ನೈಟ್ರಾಕ್ಸ್ (ಆಮ್ಲಜನಕ ಜಾಸ್ತಿ, ಸಾರಜನಕ ಕಡಿಮೆ ಇರೋ ಗಾಳಿ) ಕೋರ್ಸ್ ಮಾಡ್ಕೊಂಡು ಹೋಗ್ಲಾ? ಸುಸ್ತಾಗಲ್ಲ ಅಂತ ಕೆಲವರು, ನೀರೊಳಗೆ ಫಿಟ್ಸ್ ಬರುತ್ತೆ ಅಂತ ಕೆಲವರು. ಯಾರನ್ನ ನಂಬೋದು?

ನೀಲಿಆಳ
ಕಣ್ಣುಮುಚ್ಚಿ ಮಾಡ್ಕೊಳ್ಳಿ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಅಂಥ ಕಡೆ ನೋಡಬೇಕಾದ್ದು ಬಹುಪಾಲು 20 ಮೀಟರ್‌ಗಿಂತ ಕೆಳಗಿದೆ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಟೇಬಲ್‌ನಲ್ಲಿ 30 ಮೀಟರ್‌ಗೆ ಗಾಳಿಯಲ್ಲಿ ನೋ-ಡೆಕೊ (ನಡುವೆ ತಡೆದು ನಿಲ್ಲದೆ ಮೇಲೆ ಬರಬಹುದಾದ ಗಡುವು) 20 ನಿಮಿಷ, ಅಷ್ಟೇ. ನೈಟ್ರಾಕ್ಸ್ 32ರಲ್ಲಿ (ಆಮ್ಲಜನಕ 32 ಶೇಕಡಾ) ಸಾರಜನಕದ ಲೆಕ್ಕಕ್ಕೆ ಅದೇ ಆಳ 24.4 ಮೀಟರ್ ಆಗುತ್ತೆ: 30ಕ್ಕೆ 10 ಕೂಡಿಸಿ ಬಂದ 40ನ್ನು 0.68ರಿಂದ (ಇದರ ಸಾರಜನಕದ ಪಾಲು) ಗುಣಿಸಿ, 0.79ರಿಂದ (ಗಾಳಿಯದು) ಭಾಗಿಸಿ, 10 ಕಳೆಯಿರಿ. ಟೇಬಲ್‌ನ 25ರ ಸಾಲು ಹಿಡಿದರೆ 29 ನಿಮಿಷ ಸಿಕ್ತು. ಒಂಬತ್ತು ನಿಮಿಷ ತಳದಲ್ಲಿ ಎಷ್ಟು ದೊಡ್ಡದು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ದಿನದ ಎರಡನೇ, ಮೂರನೇ ಡೈವ್‌ಗೆ ಇಳಿದಾಗಂತೂ ಗಾಳಿಯವರ ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡೋ ಯಂತ್ರ) ಮೇಲೆ ಬಾ ಅನ್ನೋ ಹೊತ್ತಿಗೆ ನೈಟ್ರಾಕ್ಸ್‌ನವರು ಆರಾಮಾಗಿ ಇರ್ತಾರೆ. ನಾನಂತೂ ಗಾಳಿ ಟ್ಯಾಂಕ್ ಮುಟ್ಟೋದೇ ಬಿಟ್ಟಿದ್ದೇನೆ.

ಸಾದಾಗಾಳಿ
ಕಣ್ಣುಮುಚ್ಚಿ ಮಾಡೋ ಕೋರ್ಸ್ ಅಲ್ಲ ಅದು. ಟ್ಯಾಂಕ್ ಬೇಗ ಖಾಲಿ ಆಗುತ್ತೆ ಅಂತ ಅವರೇ ಬರೆದಿದ್ದಾರಲ್ಲ, ಓದಿದ್ರಾ? 11.1 ಲೀಟರ್ ಅಲ್ಯೂಮಿನಿಯಂ ಟ್ಯಾಂಕ್, 200 ಬಾರ್. 50 ಬಾರ್ ಮೀಸಲು ಬಿಟ್ಟರೆ ಕೈಗೆ ಸಿಗೋದು 1,665 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋರು 18 ಮೀಟರ್‌ನಲ್ಲಿ 56 ಲೀಟರ್ ಎಳೀತಾರೆ. ಅರ್ಧ ಗಂಟೆಗೆ ಮುಗೀತು. ಆ ಆಳಕ್ಕೆ ಗಾಳಿಯಲ್ಲೇ 56 ನಿಮಿಷ ಇದೆ! 30 ಮೀಟರ್‌ನಲ್ಲಿ ನಿಮಿಷಕ್ಕೆ 80 ಲೀಟರ್, ಅಂದ್ರೆ 20 ನಿಮಿಷ ಚಿಲ್ಲರೆ, ಅದರಲ್ಲೇ ಇಳಿಯೋದು ಹತ್ತೋದು ಎಲ್ಲ ಸೇರಿತು. ನಿಮ್ಮ 29ನೇ ನಿಮಿಷಕ್ಕೆ ಅವರ ಟ್ಯಾಂಕಲ್ಲಿ ಏನೂ ಇರಲ್ಲ. ನಿಮಿಷಕ್ಕೆ 14 ಲೀಟರ್‌ನಲ್ಲಿ ಮುಗಿಸೋರಿಗೆ 30 ಮೀಟರ್‌ನಲ್ಲಿ 29 ನಿಮಿಷ ಬರುತ್ತೆ, ನೈಟ್ರಾಕ್ಸ್ ಅಂಥವರಿಗೆ.

ಇನ್ನು ಖರ್ಚು. ಕೋರ್ಸ್ ಫೀ ಒಂದು ಸಲ, ಸರಿ. ಟ್ಯಾಂಕ್ ಮೇಲಿನ ಹೆಚ್ಚುವರಿ 12 ಟ್ಯಾಂಕ್‌ಗೂ ಬೀಳುತ್ತೆ. ಸ್ವಂತ ಅನಲೈಜರ್ (ಟ್ಯಾಂಕಿನ ಆಮ್ಲಜನಕ ಅಳೆಯೋ ಯಂತ್ರ) ತಗೊಂಡ್ರೆ ಅದರ ಸೆಲ್ (ಸೆನ್ಸರ್) ನೀವು ಬಳಸಿ, ಬಿಡಿ, ಎರಡು ಮೂರು ವರ್ಷಕ್ಕೆ ಸಾಯುತ್ತೆ. ಹೊಸ ಸೆಲ್ 80ರಿಂದ 100 ಡಾಲರ್, ತರಿಸೋ ಸುಂಕ ಬೇರೆ. ಅದೇ ದುಡ್ಡಲ್ಲಿ ಒಬ್ಬ ಒಳ್ಳೆ ಇನ್‌ಸ್ಟ್ರಕ್ಟರ್ ಜೊತೆ ಬಾಯನ್ಸಿ (ನೀರಲ್ಲಿ ತೇಲುವ ಹಿಡಿತ) ಸರಿ ಮಾಡ್ಕೊಂಡು, ಸೊಂಟದ ಮೇಲಿನ ಎರಡು ಕೆಜಿ ಸೀಸ ಇಳಿಸಿದ್ರೆ ಗಾಳಿ ತಾನಾಗೇ ಉಳಿಯುತ್ತೆ.

ನೀಲಿಆಳ
ಮೂರು ಡೈವ್ ಅಂತಲೂ ಬರೆದಿದ್ದಾರೆ ಸ್ವಾಮಿ. ಮೊದಲ ಡೈವ್‌ನ ಲೆಕ್ಕ ಮಾತ್ರ ಹಾಕಿ ನಿಲ್ಲಿಸಿಬಿಟ್ರಿ. ಟೈಮ್ ಬೇಡದಿದ್ರೆ ಬೇಡ, ಅದೇ ಆಳ ಅದೇ ನಿಮಿಷ ನೈಟ್ರಾಕ್ಸ್‌ನಲ್ಲಿ ಮಾಡಿದ್ರೆ ಮೈಗೆ ಸೇರೋ ಸಾರಜನಕ ಕಡಿಮೆ. 47ರ ವಯಸ್ಸಿಗೆ ಅದೇ ಲಾಭ. ಸುಸ್ತೂ ಕಡಿಮೆ.

ಫುಜೈರಾ ಕನ್ನಡಿಗ
ಸುಸ್ತಿನ ಮಾತು ಬಿಡಿ. 2003ರಲ್ಲಿ ಆಸ್ಟ್ರೇಲಿಯಾದ ರಿಚರ್ಡ್ ಹ್ಯಾರಿಸ್ ತಂಡ (2018ರಲ್ಲಿ ಥಾಯ್ ಗುಹೆಯಿಂದ ಹುಡುಗರನ್ನ ಹೊರಗೆ ತಂದ ಡಾಕ್ಟರ್ ಇವರೇ) ನೀರಿಲ್ಲದ ಒಣ ಒತ್ತಡದ ಚೇಂಬರ್‌ನಲ್ಲಿ 18 ಮೀಟರ್ ಒತ್ತಡಕ್ಕೆ ಒಯ್ದು, ಯಾವ ಗ್ಯಾಸ್ ಅಂತ ಹೇಳದೆ ಗಾಳಿ ಮತ್ತು ನೈಟ್ರಾಕ್ಸ್ ಎರಡನ್ನೂ ಕೊಟ್ಟು ಅಳೆದರು. ಸುಸ್ತಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಆಳದ ಮಂಪರು ಕಡಿಮೆ ಅನ್ನೋದೂ ಹಾಗೇ, ಆಮ್ಲಜನಕವೂ ಮಂಪರು ತರಿಸುತ್ತೆ ಅಂತಲೇ ಲೆಕ್ಕ ಹಿಡಿಯೋದು.

ನೀಲಿಆಳ
ಒಣ ಚೇಂಬರ್‌ನಲ್ಲಿ ಕೂತವನಿಗೂ ದಿನಕ್ಕೆ ಮೂರು ಸಲ ಅಲೆಯಲ್ಲಿ ಬೋಟ್ ಏಣಿ ಹತ್ತೋನಿಗೂ ಒಂದೇ ತಕ್ಕಡಿಯಾ? ಅಷ್ಟು ಕಡಿಮೆ ಜನರ ಮೇಲೆ ಮಾಡಿದ ಪರೀಕ್ಷೆ ಹಿಡಿದು ಎಲ್ಲರ ಬಾಯಿ ಮುಚ್ಚಿಸಬೇಡಿ.

ಫುಜೈರಾ ಕನ್ನಡಿಗ
ಬಾಯಿ ಮುಚ್ಚಿಸ್ತಿಲ್ಲ. ಸುಸ್ತಾಗಲ್ಲ ಅಂತ ಹೇಳಿ ಕೋರ್ಸ್ ಮಾರೋದು ನಿಲ್ಲಲಿ ಅಂತಿದ್ದೇನೆ. ಟೈಮ್‌ನ ಲಾಭ ನಿಜ, ಅದನ್ನೇ ಹೇಳಿ.

ಬ್ಲೆಂಡಿಂಗ್ ಕೊಠಡಿ
ನೀವಿಬ್ಬರೂ ಲಾಭದ ಮೇಲೇ ಜಗಳ ಆಡ್ತಿದ್ದೀರಿ, ಫಿಟ್ಸ್ ಬಗ್ಗೆ ಕೇಳಿದ್ದು ಹಾಗೇ ಉಳೀತು. ಫಿಟ್ಸ್ ತರೋದು ಆಳದಲ್ಲಿ ಜಾಸ್ತಿಯಾದ ಆಮ್ಲಜನಕ. ಉಸಿರಾಡೋ ಗ್ಯಾಸಲ್ಲಿ ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ದಾಟಬಾರದು, 1.6 ಅನ್ನೋದು ಕಟ್ಟಕಡೆಯ ಗೆರೆ. 1.4ಕ್ಕೆ 32ರ ಗರಿಷ್ಠ ಆಳ 33 ಮೀಟರ್, 36ಕ್ಕೆ 28, 40ಕ್ಕೆ 25. ಅಮೆರಿಕದ ಸಾಗರ ಸಂಸ್ಥೆ ನೋವಾದ ಪಟ್ಟಿಯಲ್ಲಿ 1.4ರಲ್ಲಿ ಒಂದು ಡೈವ್‌ಗೆ 150 ನಿಮಿಷ ಇದೆ, 1.6ಕ್ಕೆ ಹೋದ ಕೂಡಲೇ 45ಕ್ಕೆ ಇಳಿಯುತ್ತೆ. ಕಣ್ಣು ಮಂಜಾಗೋದು, ಕಿವಿಯಲ್ಲಿ ಗುಂಯ್ ಅನ್ನೋದು, ತುಟಿ ಅದುರೋದು ಮೊದಲು ಬರಬಹುದು, ಏನೂ ಬರದೆ ನೇರ ಸೆಳೆತವೇ ಬರಬಹುದು. ನೀರೊಳಗೆ ಸೆಳೆತ ಬಂದು ರೆಗ್ಯುಲೇಟರ್ ಬಾಯಿಂದ ಜಾರಿದರೆ ಸಾವು ಮುಳುಗಿ ಬರುತ್ತೆ. ಪ್ರವಾಹಕ್ಕೆ ಎದುರಾಗಿ ಕಾಲು ಬಡಿಯುವಾಗ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತೆ, ಅಪಾಯ ಅದರ ಜೊತೆ ಏರುತ್ತೆ. ಮೂಗು ಕಟ್ಟಿದೆ ಅಂತ ಸುಡೋಎಫೆಡ್ರಿನ್ ಇರೋ ಮಾತ್ರೆ ನುಂಗಿ ನೈಟ್ರಾಕ್ಸ್‌ನಲ್ಲಿ ಇಳಿಯಬೇಡಿ.

ತಪ್ಪಾಗೋ ಜಾಗ ಸಾಮಾನ್ಯವಾಗಿ ಆಳ ಅಲ್ಲ, ಟ್ಯಾಂಕ್. ಪಾರ್ಷಿಯಲ್ ಪ್ರೆಷರ್ (ಪಾಲಿನ ಒತ್ತಡ) ಲೆಕ್ಕದಲ್ಲಿ ತುಂಬುವಾಗ ಖಾಲಿ ಟ್ಯಾಂಕ್‌ಗೆ 200 ಬಾರ್ 32 ಬೇಕಾದ್ರೆ ಮೊದಲು 27.8 ಬಾರ್ ಶುದ್ಧ ಆಮ್ಲಜನಕ, ನಿಮಿಷಕ್ಕೆ 5 ಬಾರ್ ಮೀರದ ಹಾಗೆ ನಿಧಾನವಾಗಿ, ಆಮೇಲೆ ಗಾಳಿ. ಒಳಗೆ 50 ಬಾರ್ 32 ಉಳಿದಿದ್ರೆ 20.9 ಬಾರ್ ಸಾಕು. ಉಳಿದಿದ್ದು 32 ಅನ್ನೋದು ಮರೆತು ಗಾಳಿ ಅಂದ್ಕೊಂಡು 27.8 ಬಿಟ್ರೆ ಟ್ಯಾಂಕ್ 34.7 ಆಗುತ್ತೆ. ಲೇಬಲ್ 32 ಅಂತಿದ್ದು ಒಳಗೆ 38 ಇದ್ರೆ 33 ಮೀಟರ್‌ನಲ್ಲಿ ಒತ್ತಡ 1.63. ಅದಕ್ಕೇ ಉಸಿರಾಡೋನೇ ಅಳೀಬೇಕು, ಸಿಬ್ಬಂದಿ ಅಳೆದು ಚೀಟಿ ಅಂಟಿಸಿದ್ರೂ ಸರಿ. ವಾಲ್ವ್ ಕೂದಲೆಳೆಯಷ್ಟು ತೆರೆದು, ನಿಮಿಷಕ್ಕೆ ಒಂದೆರಡು ಲೀಟರ್ ಹರಿಯೋ ಹಾಗೆ ಇಟ್ಟು, ಅಂಕಿ ಅಲುಗಾಡೋದು ನಿಲ್ಲೋ ತನಕ ಕಾಯಿರಿ. 34.2 ಬಂತಾ? ಟೇಪ್ ಮೇಲೆ 34.2, ಗರಿಷ್ಠ ಆಳ 30 ಮೀಟರ್, ತಾರೀಖು, ನಿಮ್ಮ ಸಹಿ. ಆಮೇಲೆ ಕಂಪ್ಯೂಟರ್‌ಗೆ ಹಾಕಿ.

ಕಡಲೂರ ದಾರಿ
ಅಷ್ಟೆಲ್ಲ ತಲೆನೋವು ಯಾಕೆ? ಕಂಪ್ಯೂಟರ್ ಗಾಳಿಯಲ್ಲೇ ಇಟ್ಟು ನೈಟ್ರಾಕ್ಸ್ ಉಸಿರಾಡಿ. ಸಾರಜನಕದ ಲೆಕ್ಕದಲ್ಲಿ ಸುರಕ್ಷತೆಗೆ ದೊಡ್ಡ ಅಂತರ ಸಿಗುತ್ತೆ. ವಯಸ್ಸಾದವರಿಗೆ ನಾನು ಹೇಳೋದು ಇದೇ.

ಬ್ಲೆಂಡಿಂಗ್ ಕೊಠಡಿ
ದಯವಿಟ್ಟು ಇದನ್ನ ಹೊಸಬರಿಗೆ ಹೇಳಬೇಡಿ. ಕಂಪ್ಯೂಟರ್‌ಗೆ ಟ್ಯಾಂಕಲ್ಲಿ 32 ಇದೆ ಅಂತ ಗೊತ್ತಿಲ್ಲದಿದ್ರೆ 33 ಮೀಟರ್ ದಾಟುವಾಗ ಅದು ಕೂಗೋದೇ ಇಲ್ಲ. ಗಾಳಿಯಲ್ಲಿ 1.4 ಬರೋದು 56 ಮೀಟರ್‌ಗೆ. ಆಮ್ಲಜನಕದ ಮಿತಿಯಲ್ಲಿ ಎಷ್ಟು ಶೇಕಡಾ ಮುಗೀತು ಅನ್ನೋ ಅದರ ಲೆಕ್ಕವೂ ಸುಳ್ಳಾಗುತ್ತೆ. ಅಂತರ ಬೇಕಾದ್ರೆ ಗ್ಯಾಸ್ ಸರಿಯಾಗಿ ಹಾಕಿ, ಕನ್ಸರ್ವೇಟಿವ್ (ಹೆಚ್ಚು ಎಚ್ಚರಿಕೆಯ) ಸೆಟ್ಟಿಂಗ್ ಒಂದು ಹಂತ ಏರಿಸಿ.

ಕಡಲೂರ ದಾರಿ
33 ದಾಟದೆ ಇರೋಕೆ ಆಳದ ಅಂಕಿ ನೋಡೋ ಕಣ್ಣು ಸಾಕು. ಯಂತ್ರ ಕೂಗಿದ್ರೆ ಮಾತ್ರ ನಿಲ್ಲೋರು ಇಳಿಯೋದೇ ಬೇಡ.

ಸಾದಾಗಾಳಿ
ಇದಕ್ಕೇ ನಾನು ಗಾಳಿ ಅಂದಿದ್ದು. ಗಾಳಿ ಟ್ಯಾಂಕ್‌ಗೆ ಚೀಟಿ ಬೇಡ, ಸೆಲ್ ಬೇಡ, ಈ ವಾದವೂ ಬೇಡ.

ಪ್ರಶ್ನೆ ಕೇಳಿದವನು
ಹಾಗಾದ್ರೆ ನನ್ನ ವಿಷಯದಲ್ಲಿ ಮಾಡೋದಾ, ಬೇಡವಾ?

ಫುಜೈರಾ ಕನ್ನಡಿಗ
ಮೂರು ಡೈವ್‌ನಲ್ಲಿ ಎರಡಾದ್ರೂ 22 ಮೀಟರ್‌ಗಿಂತ ಕೆಳಗೆ ಅಂತಾದ್ರೆ ಮಾಡಿ. 16 ಮೀಟರ್ ಬಂಡೆಗಳೇ ಜಾಸ್ತಿ ಅಂತಾದ್ರೆ ದುಡ್ಡು ಉಳಿಸಿ. ಯಾವುದೇ ಆದ್ರೂ ವಿಮೆ ಮಾಡಿಸಿ, ಡೈವ್‌ನಿಂದ ಸಾರಜನಕದ ತೊಂದರೆ ಆದ್ರೆ ಚಿಕಿತ್ಸೆ ಕೊಡೋ ಚೇಂಬರ್ ಇರೋದು ಪೋರ್ಟ್ ಬ್ಲೇರ್‌ನ ನೌಕಾಪಡೆ ಆಸ್ಪತ್ರೆ ಧನ್ವಂತರಿಯಲ್ಲಿ, ಹ್ಯಾವ್‌ಲಾಕ್‌ನಿಂದ ಸಮುದ್ರ ದಾಟಬೇಕು. ಕೊನೆ ಡೈವ್ ಆಗಿ 18 ಗಂಟೆ ವಿಮಾನ ಹತ್ತಬೇಡಿ. ನೈಟ್ರಾಕ್ಸ್ ಅಂತ ಅದರಲ್ಲಿ ರಿಯಾಯಿತಿ ಇಲ್ಲ.

ನೀಲಿಆಳ
ಮೇಲೆ 34.2 ಅಂತ ದಶಾಂಶದ ತನಕ ಬರೆಸಿದವರಿಗೆ ಒಂದು ಮಾತು. ಅಂಡಮಾನಿನ ತೇವದಲ್ಲಿ ಡೆಕ್ ಮೇಲೆ ಅನಲೈಜರ್‌ನ 20.9ಕ್ಕೆ (ಒಣ ಗಾಳಿಯ ಆಮ್ಲಜನಕದ ಶೇಕಡಾ) ಹೊಂದಿಸಿ ಕೂರಿಸಿದ್ರೆ ಆ ದಶಾಂಶಕ್ಕೆ ಅರ್ಥವೇ ಇಲ್ಲ. 30 ಡಿಗ್ರಿ, 80 ಶೇಕಡಾ ತೇವ ಇದ್ರೆ ಗಾಳಿಯಲ್ಲಿ ಆಮ್ಲಜನಕ ಇರೋದೇ 20.2. ಒಣ ಟ್ಯಾಂಕ್‌ನ ನಿಜವಾದ 32 ಆಗ 33.1 ತೋರಿಸುತ್ತೆ.

ಬ್ಲೆಂಡಿಂಗ್ ಕೊಠಡಿ
ಗೊತ್ತಿದೆ. ತಪ್ಪು ಜಾಸ್ತಿ ಕಡೆಗೆ ಹೋಗೋದ್ರಿಂದ ಗರಿಷ್ಠ ಆಳ ಕಡಿಮೆಯೇ ಬರುತ್ತೆ, ಆಮ್ಲಜನಕದ ಮಟ್ಟಿಗೆ ಕ್ಷೇಮ. ಸಾರಜನಕದಲ್ಲಿ 30 ಮೀಟರ್‌ಗೆ ಅರ್ಧ ಮೀಟರ್ ವ್ಯತ್ಯಾಸ. ಆದ್ರೂ ಸರಿಯಾದ ಕ್ರಮ ಸಾದಾ ಗಾಳಿ ಟ್ಯಾಂಕ್‌ನಿಂದ, ಅದೇ ಹರಿವಿನಲ್ಲಿ ಕೂರಿಸೋದು. ಎಸಿ ಕೋಣೆಯಲ್ಲಿ ಕೂರಿಸಿ ಬಿಸಿಲಿಗೆ ತಂದು ತಕ್ಷಣ ಅಳೆಯಬೇಡಿ, ಸೆಲ್ ಬಿಸಿಗೆ ಹೊಂದಿಕೊಳ್ಳೋಕೆ ಹೊತ್ತು ಬೇಕು.

ನನ್ನ ಭಯ ಇರೋದು ಹಳೆ ಸೆಲ್ ಬಗ್ಗೆ. ಒಳಗಿನ ಸೀಸ ಸವೆದ ಸೆಲ್ ಗಾಳಿಯಲ್ಲಿ 20.9 ಸರಿಯಾಗೇ ತೋರಿಸುತ್ತೆ, ಆಮ್ಲಜನಕ ಜಾಸ್ತಿ ಆದ ಕಡೆ ಕಡಿಮೆ ಓದುತ್ತೆ. ಅಂದ್ರೆ 36ನ್ನ 33 ಅಂತ ತೋರಿಸಿ ನಿಮ್ಮನ್ನ ಕೆಳಗೆ ಕಳಿಸುತ್ತೆ. ಗಾಳಿಯಲ್ಲಿ ಕೂರಿಸಿದ ಮೇಲೆ ಅಂಗಡಿಯ ಶುದ್ಧ ಆಮ್ಲಜನಕಕ್ಕೆ ಹಿಡಿಯೋಕೆ ಕೇಳಿ. 98 ದಾಟದಿದ್ರೆ ಆ ಅನಲೈಜರ್ ಪಕ್ಕಕ್ಕಿಟ್ಟು ಬೇರೆ ಕೇಳಿ. ಸೆಲ್ ಮೇಲೆ ತಯಾರಾದ ತಿಂಗಳು ಅಚ್ಚಾಗಿರುತ್ತೆ, ಅದನ್ನೂ ನೋಡಿ.

ಸಾದಾಗಾಳಿ
ಯಾವ ಅಂಗಡಿ ಗಿರಾಕಿಗೆ ಸೆಲ್ ಬಿಚ್ಚಿ ತಾರೀಖು ತೋರಿಸುತ್ತೆ?

ಬ್ಲೆಂಡಿಂಗ್ ಕೊಠಡಿ
ತೋರಿಸದಿದ್ರೆ ಅಲ್ಲಿ ಗಾಳಿ ತಗೊಳ್ಳಿ. ಅಷ್ಟರ ಮಟ್ಟಿಗೆ ನಾನು ನಿಮ್ಮ ಪಕ್ಷ.